ನಿಂಬೆಹಣ್ಣಿನ ಮೇಲೆ ಹೋದ ಸೇತುವೆ

ಓದುವವರೆಲ್ಲರಿಗೂ ನಮಸ್ಕಾರ. ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಒತ್ತಕ್ಷರ, ದೀರ್ಘ ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಂಡು ಅರ್ಥ ಮಾತ್ರ ಹಿಡಿದುಕೊಳ್ಳಿ. ನಾನು ಶಾಲೆಗೆ ತಡವಾಗಿ ಹೋದವನು. ಹರಿಹರದ ಒಂದು ಲೇತ್ ಶಾಪಿನಲ್ಲಿ ಕಬ್ಬಿಣದ ಸಿಪ್ಪೆ ಗುಡಿಸುತ್ತ ಬೆಳೆದೆ. ಮೀಸೆ ಬಂದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತೆ. ಆಮೇಲೆ ಎಸ್ಸೆಸ್ಸೆಲ್ಸಿ, ಆಮೇಲೆ ಐಟಿಐ, ಎಲ್ಲವೂ ನನಗಿಂತ ಚಿಕ್ಕವರ ಪಕ್ಕದಲ್ಲಿ ಕುಳಿತು.

ಇಲ್ಲಿ ಅನೇಕರು ತಮಗಾದ ವಿಚಿತ್ರ ಅನುಭವ ಬರೆಯುತ್ತಾರೆ. ನಿಜ ಹೇಳಬೇಕೆಂದರೆ ಮೊದಲು ನಾನು ಅಂಥವನ್ನು ಓದಿ ನಗುತ್ತಿದ್ದೆ. ಖಾಲಿ ಹೊಟ್ಟೆಗೆ ತಲೆ ತಿರುಗಿದರೆ ಜನ ಅದನ್ನೇ ದೆವ್ವ ಎನ್ನುತ್ತಾರೆ ಎಂದು ಗೆಳೆಯರಿಗೆ ಹೇಳುತ್ತಿದ್ದೆ. ಅದೇ ಮಾತನ್ನು ಒಂದು ದಿನ ನನ್ನ ಮುಖಕ್ಕೇ ಎಸೆದರು. ವರ್ಷಗಳಾದರೂ ಆ ಸಿಟ್ಟು ಇಳಿದಿಲ್ಲ. ದೆವ್ವದ ಮೇಲಿನ ಸಿಟ್ಟಲ್ಲ ಅದು, ಮನುಷ್ಯರ ಮೇಲಿನದು. ಅದನ್ನು ಹೊರಗೆ ಹಾಕಲಿಕ್ಕೇ ಬರೆಯುತ್ತಿದ್ದೇನೆ.

೨೦೧೫ರ ಆಸುಪಾಸು. ನಾನು ಸಿಂಗಾಪುರದಲ್ಲಿ ಹಳೆಯ ಕಬ್ಬಿಣದ ಕಟ್ಟಡಗಳನ್ನು ರಿಪೇರಿ ಮಾಡುವ ಒಂದು ಕಂಪನಿಯಲ್ಲಿದ್ದೆ. ಕಂಪನಿಯ ಹೆಸರು ಬೇಡ, ಈಗ ಜಗಳ ಯಾಕೆ. ಅಲ್ಲಿಯವರೆಗೆ ಎಲ್ಲಿ ಹೋದರೂ ನಾನು ಹೆಲ್ಪರ್. ಅಲ್ಲಿ ಮೊದಲ ಸಲ ನನ್ನ ಕಾರ್ಡಿನ ಮೇಲೆ ಟೆಕ್ನಿಷಿಯನ್ ಎಂದು ಬರೆದಿತ್ತು. ಆ ಕಾರ್ಡನ್ನು ಕುತ್ತಿಗೆಗೆ ಹಾಕಿಕೊಂಡು ಎಂಆರ್‌ಟಿ ರೈಲಿನಲ್ಲಿ ಕೂರುವಾಗ ಅದರ ಮುಖ ಹೊರಗಿದೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತಿದ್ದೆ. ಅಷ್ಟು ಆಸೆ ಪಟ್ಟು ಗಳಿಸಿದ ಕೆಲಸ ಅದು.

ಜುರಾಂಗ್ ವೆಸ್ಟ್‌ನಲ್ಲಿ ಒಂದು ಫ್ಲ್ಯಾಟಿನ ಕೋಣೆಯಲ್ಲಿ ನಾನು ಮತ್ತು ಸೆಲ್ವಂ ಇದ್ದೆವು. ಸೆಲ್ವಂ ಹೊಸೂರು ಕಡೆಯವನು, ಅರ್ಧ ತಮಿಳು ಅರ್ಧ ಕನ್ನಡ ಮಾತಾಡುತ್ತಿದ್ದ, ನನ್ನನ್ನು ಅಣ್ಣೇ ಎನ್ನುತ್ತಿದ್ದ. ಸೈಟಿನ ಎಂಜಿನಿಯರ್ ಕೂಡ ನಮ್ಮವರೇ, ಬೆಂಗಳೂರಿನ ಪ್ರಶಾಂತ್ ಎಂಬ ಹುಡುಗ. ಎಲ್ಲರ ಮುಂದೆ ಇಂಗ್ಲಿಷು, ನಾವಿಬ್ಬರೇ ಇದ್ದರೆ ಕನ್ನಡ. ಯುಗಾದಿಗೆ ಬುಕಿತ್ ಬಾಟೋಕಿನ ತಮ್ಮ ಮನೆಗೆ ಕರೆದು ಹೋಳಿಗೆ ಹಾಕಿದ್ದರು. ಒಳ್ಳೆಯ ಮನುಷ್ಯ ಎಂದೇ ನಾನು ತಿಳಿದಿದ್ದೆ.

ನಮಗೆ ಬಂದ ಕೆಲಸ ಒಂದು ಹಳೆಯ ತಿರುಗುವ ಸೇತುವೆಯದು. ಒಂದು ಕಾಲುವೆಗೆ ಅಡ್ಡಲಾಗಿ ಕಬ್ಬಿಣದ ಸೇತುವೆ. ನಡುನೀರಿನಲ್ಲಿ ಬಾವಿಕಟ್ಟೆಯಂಥ ಗುಂಡನೆಯ ಕಲ್ಲಿನ ಕಟ್ಟೆ, ಅದರ ಮೇಲೆ ವೃತ್ತಾಕಾರದ ಹಳಿ, ಹಳಿಯ ಮೇಲೆ ಸಾಲಾಗಿ ಗಾಲಿಗಳು. ಹಿಂದಿನ ಕಾಲದಲ್ಲಿ ದೋಣಿ ಬಂದರೆ ಇಡೀ ಸೇತುವೆ ಆ ಗಾಲಿಗಳ ಮೇಲೆ ರಾಗಿಕಲ್ಲಿನ ಹಾಗೆ ತಿರುಗಿ ದಾರಿ ಬಿಡುತ್ತಿತ್ತು. ನಾವು ಹೋಗುವ ಹೊತ್ತಿಗೆ ದೋಣಿ ನಿಂತು ಎಷ್ಟೋ ವರ್ಷವಾಗಿತ್ತು. ಜನ ನಡೆದು ದಾಟುತ್ತಿದ್ದರು, ಅಷ್ಟೆ. ತಿರುಗಿಸುವ ಹಲ್ಲಿನ ಚಕ್ರವನ್ನು ಪ್ರದರ್ಶನಕ್ಕಿಡಲು ಬಿಚ್ಚಿಕೊಂಡು ಹೋಗಿದ್ದರು. ಎರಡೂ ತುದಿಗಳನ್ನು ದಡಕ್ಕೆ ನಾನೇ ಬೋಲ್ಟ್ ಹಾಕಿ ಬಿಗಿದಿದ್ದೆ. ಬಿಗಿದ ಮೇಲೆ ನಟ್ಟಿಗೂ ಪ್ಲೇಟಿಗೂ ಸೇರಿಸಿ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತೇವೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಮುಂದಿನ ವಾರ ವೆಲ್ಡಿಂಗ್. ಅಲ್ಲಿಗೆ ಅದು ಇನ್ನೆಂದೂ ತಿರುಗಬಾರದು, ನೋಡಲು ಮಾತ್ರ ಹಳೆಯದಾಗಿ ಉಳಿಯಬೇಕು ಎಂದು ಮೇಲಿನವರ ತೀರ್ಮಾನ.

ಇದರ ನಡುವೆ ಆಯುಧಪೂಜೆ ಬಂತು. ಅಲ್ಲಿ ಅದಕ್ಕೆ ರಜೆ ಇಲ್ಲ. ಆದರೆ ಹುಟ್ಟಿದಾಗಿನಿಂದ ಆ ದಿನ ಯಂತ್ರಕ್ಕೆ ವಿಭೂತಿ ಬಳಿಯದೆ ನಾನು ಅನ್ನ ತಿಂದವನಲ್ಲ. ಇದನ್ನು ಭಕ್ತಿ ಎನ್ನುವುದಕ್ಕಿಂತ ಮರ್ಯಾದೆ ಎನ್ನಬಹುದು. ವರ್ಷವೆಲ್ಲ ದುಡಿಸಿಕೊಂಡವರು ಒಂದು ದಿನ ಕೈ ಮುಗಿಯಬೇಕು. ಸೂಪರ್‌ವೈಸರ್ ಟಾನ್ ಊಟದ ಬಿಡುವಿನಲ್ಲಿ ಮಾಡಿಕೊಳ್ಳಿ ಎಂದ. ಹಿಂದಿನ ಸಂಜೆ ನಾನೂ ಸೆಲ್ವಮನೂ ಲಿಟಲ್ ಇಂಡಿಯಾಕ್ಕೆ ಹೋಗಿ ಸೇವಂತಿಗೆ, ಮಂಡಕ್ಕಿ, ಪುಟಾಣಿ, ಬೆಲ್ಲ ತಂದೆವು. ಹಸಿರು ನಿಂಬೆ ಅಲ್ಲಿ ಎಲ್ಲ ಕಡೆ ಸಿಗುತ್ತದೆ. ನಮ್ಮ ಕಡೆಯ ಸಣ್ಣ ಹಳದಿ ನಿಂಬೆಗೆ ಅಂಗಡಿ ಅಂಗಡಿ ಅಲೆದೆವು.

ಬೆಳಿಗ್ಗೆ ಕೆಲಸಕ್ಕೆ ಮುಂಚಿನ ಮೀಟಿಂಗಿನಲ್ಲಿ ಸೇಫ್ಟಿ ಆಫೀಸರ್ ನಿಂಬೆಹಣ್ಣು ಯಾಕೆ ಎಂದು ಕೇಳಿದರು. ನಾನು ಹೆಮ್ಮೆಯಿಂದ ವಿವರಿಸಿದೆ. ನಮ್ಮಲ್ಲಿ ಹೊಸ ಗಾಡಿಯಾಗಲಿ ಹಳೆಯದಾಗಲಿ, ಪೂಜೆಯಾದ ಮೇಲೆ ಗಾಲಿಗೊಂದರಂತೆ ನಿಂಬೆಹಣ್ಣು ಇಟ್ಟು ಅದರ ಮೇಲೆ ಗಾಡಿ ಹಾಯಿಸುತ್ತೇವೆ, ದೃಷ್ಟಿ ಹೋಗುತ್ತದೆ ಎಂದೆ. ಅವರು ನಕ್ಕು, ಅಲ್ಲಿಯವರ ಧಾಟಿಯಲ್ಲಿ, ಈ ಗಾಡಿ ಹೋಗಲ್ಲ ಲಾ ಎಂದರು. ಹಾಗಾದರೆ ಸಂಜೆ ಸುತ್ತಿಗೆಯಲ್ಲಿ ಜಜ್ಜುತ್ತೇನೆ ಎಂದೆ. ಎಲ್ಲರೂ ನಕ್ಕರು. ಕರ್ಪೂರ ಹಚ್ಚಲು ಮಾತ್ರ ಬಿಡಲಿಲ್ಲ. ಬೆಂಕಿ ಎಂದರೆ ವೆಲ್ಡಿಂಗಿಗೆ ಬೇಕಾದ ಪರ್ಮಿಟ್ಟೇ ಬೇಕಂತೆ. ದೇವರಿಗೂ ಪರ್ಮಿಟ್ ಬೇಕಾ ಅಣ್ಣೇ ಎಂದು ಸೆಲ್ವಂ ನನ್ನ ಕಿವಿಯಲ್ಲಿ ಗೊಣಗಿದ.

ಮಧ್ಯಾಹ್ನ ಸೇತುವೆಯ ನಡುವಿನ ಕಿಂಡಿಯಿಂದ ಏಣಿ ಇಳಿದು, ನಾಲ್ಕು ದಿಕ್ಕಿಗೆ ನಾಲ್ಕು ಗಾಲಿಗಳ ಮುಂದೆ ಹಳಿಯ ಮೇಲೆ ನಿಂಬೆಹಣ್ಣು ಇಟ್ಟೆ. ಗಾಲಿಗಳಿಗೆ ವಿಭೂತಿ ಬಳಿದು, ಕುಂಕುಮವಿಟ್ಟು ಮೇಲೆ ಬಂದೆ. ಹೂವು ಏರಿಸಿ, ಮಂಡಕ್ಕಿ ಹಂಚಿದೆ. ಉಳಿದವರೆಲ್ಲ ಆಫೀಸು ಮಾಡಿಕೊಂಡಿದ್ದ ಕಂಟೇನರಿಗೆ ಊಟಕ್ಕೆ ಹೋದರು. ನಾನು ಹಿಂದೆ ಉಳಿದೆ. ಪೂಜೆಗೆಂದು ಸೇಫ್ಟಿ ಶೂ ಬಿಚ್ಚಿ ಆಫೀಸಿನ ಕಡೆಯ ತುದಿಯಲ್ಲಿ, ಸೇತುವೆಯ ಹಲಗೆಯ ಮೇಲೆಯೇ ಇಟ್ಟಿದ್ದೆ. ಬರಿಗಾಲಿನಲ್ಲಿ ನಡುಸೇತುವೆಗೆ ಬಂದು, ಎದುರಿನ ಎತ್ತರದ ಫ್ಲ್ಯಾಟುಗಳ ಕಡೆ ಮುಖ ಮಾಡಿ, ಕಂಬಿ ಹಿಡಿದು ಕಣ್ಣು ಮುಚ್ಚಿದೆ. ಮಂತ್ರ ನನಗೆ ಬಾರದು. ನಿನ್ನನ್ನು ತಿರುಗದ ಹಾಗೆ ಮಾಡುವ ಕೆಲಸ ನಮ್ಮ ಕೈಗೆ ಬಂದಿದೆ, ತಪ್ಪು ತಿಳಿಯಬೇಡ ಎಂದಷ್ಟೇ ಮನಸ್ಸಿನಲ್ಲಿ ಹೇಳಿಕೊಂಡೆ.

ಮೊದಲು ಅಂಗಾಲಿಗೆ ಗೊತ್ತಾಯಿತು. ಲೇತನ್ನು ಅತಿ ನಿಧಾನದ ಗೇರಿಗೆ ಹಾಕಿದಾಗ ನೆಲದಲ್ಲಿ ಒಂದು ಗುಂಯ್ ಎನ್ನುವ ಅದುರು ಬರುತ್ತದಲ್ಲ, ಅದೇ. ಕಣ್ಣು ಬಿಟ್ಟೆ. ಎದುರಿನ ಫ್ಲ್ಯಾಟುಗಳು ಬಸ್ಸು ಹೊರಟಾಗ ಸ್ಟ್ಯಾಂಡು ಸರಿಯುವ ಹಾಗೆ ಮೆಲ್ಲಗೆ ಎಡಕ್ಕೆ ಸರಿಯುತ್ತಿದ್ದವು. ಸದ್ದಿಲ್ಲ. ಬೆಳಿಗ್ಗೆಯಿಂದ ನೀರು ಬಿಟ್ಟರೆ ಏನೂ ಹೊಟ್ಟೆಗೆ ಹೋಗಿರಲಿಲ್ಲ, ತಲೆ ಸುತ್ತುತ್ತಿದೆ ಎಂದು ಕಂಬಿ ಬಿಗಿಯಾಗಿ ಹಿಡಿದು ಕುಕ್ಕರಿಸಿದೆ, ಮತ್ತೆ ಕಣ್ಣು ಮುಚ್ಚಿದೆ. ಎಷ್ಟು ಹೊತ್ತು ಹಾಗಿದ್ದೆನೋ ಹೇಳಲಾರೆ. ಅದುರು ನಿಂತಿತು. ಎದ್ದು ನೋಡಿದರೆ ನನ್ನ ಎದುರಿಗೆ ಫ್ಲ್ಯಾಟುಗಳಿರಲಿಲ್ಲ. ಅವಕ್ಕೆ ಬೆನ್ನು ಹಾಕಿ, ಮೊದಲು ನನ್ನ ಬೆನ್ನ ಹಿಂದಿದ್ದ ಫ್ಯಾಕ್ಟರಿಗಳ ಕಡೆ ಮುಖ ಮಾಡಿ ನಿಂತಿದ್ದೆ. ತಲೆ ಸುತ್ತಿದಾಗ ನಾನೇ ತಿರುಗಿರಬೇಕು ಎಂದುಕೊಂಡೆ.

ಆಗ ಆಫೀಸಿಗೆ ಎದುರುಗಡೆಯ ದಡದಿಂದ ಒಬ್ಬ ಚೀನೀ ಆಂಟಿ ಕೂಗಿದರು. ದಿನವೂ ಆ ಹೊತ್ತಿಗೆ ತರಕಾರಿಯ ಟ್ರಾಲಿ ಎಳೆದುಕೊಂಡು ದಾಟುವವರು.

"ಅಂಕಲ್, ಟರ್ನಿಂಗ್ ಫಿನಿಶ್ ಆಲ್ರೆಡಿ? ಕ್ಯಾನ್ ಕ್ರಾಸ್?"

ಅವರ ಇಂಗ್ಲಿಷು ಹೆಚ್ಚುಕಡಿಮೆ ಹೀಗೇ ಇತ್ತು. ನನಗೆ ಅರ್ಥವಾಗದೆ ತಲೆಯಾಡಿಸಿದೆ. ಬಿಸಿಲಲ್ಲಿ ಕಾಯಿಸಿದೆ, ಒಂದು ಬೋರ್ಡಾದರೂ ಹಾಕಬಾರದೇ ಎಂದು ಬೈಯುತ್ತ ಬಂದರು. ನನ್ನನ್ನು ದಾಟುವಾಗ ಹಿಂದಕ್ಕೆ ಕೈ ತೋರಿಸಿ, ನಿನ್ನ ಶೂ ದಾರಿಗಡ್ಡ ಇದೆ, ಎತ್ತಿಡು ಎಂದರು. ಅವರು ತೋರಿಸಿದ್ದು ತಾವು ಬಂದ ತುದಿಯನ್ನು. ನನ್ನ ಶೂ ಅಲ್ಲಿತ್ತು. ನಾನು ಇಟ್ಟಿದ್ದು ಇನ್ನೊಂದು ತುದಿಯಲ್ಲಿ.

ಸೆಲ್ವಂ ತಮಾಷೆ ಮಾಡಿದ್ದಾನೆ ಎಂದುಕೊಂಡು ಶೂ ಹಾಕಿಕೊಂಡೆ. ಅಷ್ಟರಲ್ಲಿ ಆಂಟಿ ಕಂಟೇನರಿನ ಮುಂದೆ ನಿಂತು ಟಾನ್‌ಗೆ ಜೋರು ಮಾಡಿದ್ದರು. ಸೇತುವೆ ತಿರುಗಿಸುವಾಗ ಜನರಿಗೆ ಹೇಳುವುದಿಲ್ಲವೇ ಎಂದು. ಟಾನ್ ಓಡಿ ಬಂದ, ಹಿಂದೆ ಸೆಲ್ವಂ. ಊಟದ ಕೈ ತೊಳೆಯದೆ ಬಂದಿದ್ದ ಅವನು ತಮಾಷೆ ಮಾಡಿದವನ ಹಾಗೆ ಕಾಣಲಿಲ್ಲ. ಮೂವರೂ ಏಣಿ ಇಳಿದೆವು.

ನಾಲ್ಕೂ ನಿಂಬೆಹಣ್ಣು ಹಪ್ಪಳವಾಗಿದ್ದವು. ರಸ ಇನ್ನೂ ಹಸಿಯಿತ್ತು. ಬೀಜ ಗಾಲಿಗೆ ಮೆತ್ತಿಕೊಂಡಿತ್ತು. ನಾನು ಬಳಿದ ವಿಭೂತಿ ಹಳಿಗೆ ಅಚ್ಚಾಗಿತ್ತು, ಒಂದು ಕಡೆಯಲ್ಲ, ಸುತ್ತಲೂ ಅಲ್ಲಲ್ಲಿ. ಬೆಳಿಗ್ಗೆ ತುಕ್ಕು ಹಿಡಿದು ಕೆಂಪಗಿದ್ದ ಹಳಿಯ ನಡುವೆ ಬೆರಳಗಲದ ಗೆರೆಯೊಂದು ಈಗಷ್ಟೇ ಲೇತಿನಿಂದ ತೆಗೆದ ಹಾಗೆ ಫಳಫಳ ಹೊಳೆಯುತ್ತಿತ್ತು. ಸೆಲ್ವಂ ಹೆಲ್ಮೆಟ್ ತೆಗೆದು ಕೈ ಮುಗಿದ. ಟಾನ್ ತುದಿಗಳಿಗೆ ಓಡಿ ಬೋಲ್ಟು ನೋಡಿದ. ಎಲ್ಲವೂ ಹಾಗೇ ಇದ್ದವು. ಒಂದು ಹಳದಿ ಗೆರೆಯೂ ತುಂಡಾಗಿರಲಿಲ್ಲ.

ವಿಚಿತ್ರ ನಡೆದದ್ದು ಇಷ್ಟೇ. ಇನ್ನು ಮೇಲಿನದು ಮನುಷ್ಯರು ಮಾಡಿದ್ದು.

ಮರುದಿನ ನನ್ನನ್ನು ಕಂಟೇನರಿಗೆ ಕರೆದರು. ಮೇಜಿನ ಒಂದು ಕಡೆ ಸೇಫ್ಟಿ ಆಫೀಸರ್, ಪಕ್ಕದಲ್ಲಿ ಪ್ರಶಾಂತ್. ಆಂಟಿಯನ್ನೂ ಕರೆಸಿದ್ದರು. ಪಾಪ, ಅವರು ಕಂಡದ್ದನ್ನು ಕಂಡ ಹಾಗೆ ಹೇಳಿದರು. ಸೇತುವೆ ಅರ್ಧ ಸುತ್ತು ತಿರುಗಿತು, ಈ ಅಂಕಲ್ ಒಬ್ಬನೇ ಮೇಲಿದ್ದ, ಕಾಲಲ್ಲಿ ಶೂ ಇರಲಿಲ್ಲ. ನನ್ನ ಪರವಾಗಿ ಇದ್ದ ಒಂದೇ ಸಾಕ್ಷಿ ಅದು, ಅದೇ ನನ್ನ ಕುತ್ತಿಗೆಗೆ ಬಂತು. ಸೇಫ್ಟಿ ಆಫೀಸರ್ ಹೇಳಿದ್ದು: ಗಾಲಿ ನಿಂಬೆಹಣ್ಣಿನ ಮೇಲೆ ಹೋಗಬೇಕು ಎಂದು ನೀನೇ ಬೆಳಿಗ್ಗೆ ಹೇಳಿದ್ದೆ, ನಿನ್ನ ಪದ್ಧತಿಗಾಗಿ ಪರ್ಮಿಟ್ ಇಲ್ಲದೆ ಸೇತುವೆ ತಿರುಗಿಸಿದ್ದೀಯ. ಪ್ರಶಾಂತ್ ಹೇಳಿದ್ದು: ಈ ಸೇತುವೆ ತಿರುಗಲು ಸಾಧ್ಯವೇ ಇಲ್ಲ, ಹಲ್ಲಿನ ಚಕ್ರವಿಲ್ಲ, ಬೋಲ್ಟು ಬಿಚ್ಚಿಲ್ಲ. ಹಣ್ಣು ಸುತ್ತಿಗೆಯಲ್ಲಿ ಜಜ್ಜಿದ್ದು, ಖಾಲಿ ಹೊಟ್ಟೆಗೆ ಇವನಿಗೆ ತಲೆ ತಿರುಗಿದೆ.

ಇಬ್ಬರೂ ಒಂದೇ ಮೇಜಿನಲ್ಲಿ, ಭುಜಕ್ಕೆ ಭುಜ ತಾಗಿಸಿ ಕುಳಿತು ಈ ಎರಡು ಮಾತು ಹೇಳಿದರು. ಒಬ್ಬರಿಗೂ ಇನ್ನೊಬ್ಬರ ಮಾತು ಕೇಳಿಸಲಿಲ್ಲವೇ? ತಿರುಗದ ಸೇತುವೆಯನ್ನು ನಾನು ತಿರುಗಿಸಿದ್ದು ಹೇಗೆ? ತಿರುಗಿದ್ದೇ ನಿಜವಾದರೆ ಬೋಲ್ಟು ಬಿಚ್ಚಿದವರು ಯಾರು? ನನಗೆ ಬರುವ ಮುರುಕು ಇಂಗ್ಲಿಷಿನಲ್ಲಿ ಇದನ್ನೇ ಕೇಳಿದೆ. ಹಳಿ ಹೊಳೆಯುವುದನ್ನು ತೋರಿಸಿದೆ. ನಿಂಬೆರಸದಲ್ಲಿ ಆಸಿಡ್ ಇರುತ್ತದೆ, ತುಕ್ಕು ಬಿಟ್ಟಿದೆ ಎಂದರು ಪ್ರಶಾಂತ್. ನಾಲ್ಕು ನಿಂಬೆಹಣ್ಣಿನ ರಸಕ್ಕೆ ಇಡೀ ಹಳಿ ಬೆಳಗುವುದಾದರೆ ಉಳಿದ ಕಬ್ಬಿಣದ ತುಕ್ಕು ಉಜ್ಜಲು ತಿಂಗಳುಗಟ್ಟಲೆ ನಮ್ಮ ಕೈಗೆ ಗ್ರೈಂಡರ್ ಯಾಕೆ ಕೊಟ್ಟಿದ್ದರು?

ಕೊನೆಗೆ ಒಂದು ಕಾಗದ ಮುಂದಿಟ್ಟರು. ಪರ್ಮಿಟ್ ಇಲ್ಲದೆ ಸೇತುವೆ ತಿರುಗಿಸಿದ್ದು ನಾನೇ ಎಂದು ಒಪ್ಪಿ ಸಹಿ ಹಾಕಿದರೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ಕೆಲಸ ಉಳಿಯುತ್ತದೆ. ಹಾಕದಿದ್ದರೆ ಅಲ್ಲಿ ಕೆಲಸ ಮಾಡುವ ಪಾಸ್ ರದ್ದು, ಊರಿಗೆ ಹೋಗಬೇಕು. ಯೋಚಿಸಲು ಒಂದು ದಿನ ಕೊಟ್ಟರು.

ಸಂಜೆ ಪ್ರಶಾಂತ್ ನಮ್ಮ ಬ್ಲಾಕಿಗೇ ಬಂದರು. ಕೆಳಗೆ ಕಂಬಗಳ ನಡುವೆ, ವಾಯ್ಡ್ ಡೆಕ್ ಎನ್ನುವ ಖಾಲಿ ಜಾಗದ ಕಲ್ಲುಬೆಂಚಿನ ಮೇಲೆ ಕುಳಿತೆವು. ಈಗ ಕನ್ನಡ ಬಂತು.

"ಅಣ್ಣಾ, ಸುಮ್ನೆ ಸೈನ್ ಹಾಕ್ಬಿಡಿ. ವಾರ್ನಿಂಗ್ ಅಷ್ಟೇ. ಮುಂದಿನ ತಿಂಗ್ಳು ಯಾರಿಗೂ ನೆನಪಿರಲ್ಲ."

"ಸರ್, ಬೋಲ್ಟ್ ನೀವೇ ನೋಡಿದ್ರಿ. ಅದು ತಿರುಗೇತೋ ಇಲ್ವೋ, ನೀವೇ ಹೇಳ್ರಿ."

"ಚಾನ್ಸೇ ಇಲ್ಲ."

"ಮತ್ತೆ ತಿರುಗಿಸಿದೆ ಅಂತ ನಾನ್ಯಾಕೆ ಬರ್ಕೊಡ್ಲಿ?"

"ಅವ್ರಿಗೆ ಒಂದು ಆನ್ಸರ್ ಬೇಕು ಅಣ್ಣಾ. ಆ ಆಂಟಿ ಕಂಪ್ಲೇಂಟ್ ಮಾಡಿದಾರೆ. ರಿಪೋರ್ಟಲ್ಲಿ ಗೊತ್ತಿಲ್ಲ ಅಂತ ಬರಿಯಕ್ಕಾಗತ್ತಾ? ನನ್ನ ಕೆಲ್ಸನೂ ಹೋಗತ್ತೆ."

ಗೊತ್ತಿಲ್ಲ ಎಂದು ಬರೆಯಲಾಗುವುದಿಲ್ಲ, ಆದರೆ ಸುಳ್ಳು ಬರೆಯಬಹುದು. ಇದು ಓದಿದವರ ನ್ಯಾಯ. ಶೂ ಬಿಚ್ಚಿದ್ದು ನಿಜ, ಅದಕ್ಕೆ ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ, ಇದಕ್ಕೆ ಹಾಕುವುದಿಲ್ಲ ಎಂದೆ. ಅವರು ನನ್ನನ್ನು ಹಟಮಾರಿ ಎಂದುಕೊಂಡರು. ನಿಂಬೆಹಣ್ಣಿಗಾಗಿ ಯಾರಾದ್ರೂ ಸಿಂಗಾಪುರ ಬಿಡ್ತಾರಾ ಎಂದು ಸ್ವಲ್ಪ ನಗಾಡಲೂ ನೋಡಿದರು.

ಅವರಿಗೆ ನಾನು ಹೇಳದ ಒಂದು ಮಾತನ್ನು ನಿಮಗೆ ಹೇಳುತ್ತೇನೆ. ಇಪ್ಪತ್ತು ದಾಟುವವರೆಗೆ ನಾನು ಹೆಬ್ಬೆಟ್ಟು ಒತ್ತುತ್ತಿದ್ದವನು. ಯಾವ ಕಾಗದದಲ್ಲಿ ಏನಿದೆ ಎಂದು ತಿಳಿಯದೆ, ಅವರು ತೋರಿಸಿದ ಕಡೆ ಬೆರಳು ಊರಿ, ಆಮೇಲೆ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುವುದು. ರಾತ್ರಿ ಶಾಲೆಯಲ್ಲಿ ಮೊದಲು ಹೆಸರು ಬರೆದ ದಿನ ಮೇಷ್ಟ್ರು, ಇನ್ನು ಮೇಲೆ ಓದದೆ ಎಲ್ಲೂ ಬರೆಯಬೇಡಪ್ಪ ಎಂದಿದ್ದರು. ನಾನು ಆ ಕಾಗದವನ್ನು ಓದಿದೆ. ನಿಧಾನಕ್ಕೆ, ಎರಡು ಸಲ ಓದಿದೆ. ಅದರಲ್ಲಿದ್ದದ್ದು ಸುಳ್ಳು. ಓದಲು ಬಂದೂ ಅದರ ಕೆಳಗೆ ಹೆಸರು ಹಾಕುವುದಾದರೆ ನನ್ನ ಹೆಬ್ಬೆಟ್ಟೇ ಸಾಕಿತ್ತಲ್ಲ, ಅಷ್ಟು ವರ್ಷ ದೀಪದ ಕೆಳಗೆ ಕಣ್ಣು ಯಾಕೆ ಕೆಡಿಸಿಕೊಳ್ಳಬೇಕಿತ್ತು?

ಮರುದಿನ ಸಹಿ ಹಾಕಲಿಲ್ಲ. ಕುತ್ತಿಗೆಯ ಕಾರ್ಡು ಬಿಚ್ಚಿ ಮೇಜಿನ ಮೇಲಿಟ್ಟೆ. ಪ್ರಶಾಂತ್ ಕಿಟಕಿಯ ಕಡೆ ನೋಡುತ್ತಿದ್ದರು. ಏರ್‌ಪೋರ್ಟಿಗೆ ಬಿಡಲು ಸೆಲ್ವಂ ಬಂದ. ಒಳಗೆ ಹೋಗುವಾಗ ನನ್ನ ಕೈ ಹಿಡಿದುಕೊಂಡು, "ಅಣ್ಣೇ, ನಾನು ನಂಬ್ತೀನಿ. ಅಲ್ಲಿ ಹೇಳಕ್ಕೆ ಭಯ ಆಯ್ತು" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಈಗ ನಾನು ಹರಿಹರದಲ್ಲೇ ಇದ್ದೇನೆ, ಅದೇ ಲೇತಿನ ಸದ್ದಿನ ಪಕ್ಕದಲ್ಲಿ. ನಡೆದದ್ದು ಏನು ಎಂದು ನನಗೆ ಇಂದಿಗೂ ಗೊತ್ತಿಲ್ಲ. ತಲೆ ತಿರುಗಿದ್ದು ಎಂದರೆ ಶೂ ಹೇಗೆ ಆ ತುದಿಗೆ ಹೋಯಿತು? ಆಂಟಿ ಬಿಸಿಲಲ್ಲಿ ಯಾವುದಕ್ಕೆ ಕಾದರು? ದೇವರ ಮಹಿಮೆ ಎಂದು ಹೇಳಿದವರಿದ್ದಾರೆ. ಹಾಗಾದರೆ ಆ ದೇವರು ಮರುದಿನ ಕಂಟೇನರಿಗೂ ಬರಬೇಕಿತ್ತು, ಬರಲಿಲ್ಲ. ಹಾಗಾಗಿ ಅದನ್ನೂ ನಾನು ಒಪ್ಪುವುದಿಲ್ಲ.

ಮುಂದಿನ ವರ್ಷ ಸೆಲ್ವಂ ಫೋನಿಗೆ ಒಂದು ಫೋಟೋ ಕಳಿಸಿದ. ಸೇತುವೆಗೆ ಹೊಸ ಬಣ್ಣ, ತುದಿಗಳಿಗೆ ವೆಲ್ಡಿಂಗು, ಎಲ್ಲ ಚೆನ್ನಾಗಿ ಮುಗಿದಿದೆ. ಅವನು ಏಣಿ ಇಳಿದು ಗಾಲಿಗಳ ಫೋಟೋವನ್ನೂ ತೆಗೆದಿದ್ದ. ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಪ್ರತಿ ಗಾಲಿಯ ಹಿಂದೆ ಮುಂದೆ ದಪ್ಪ ಕಬ್ಬಿಣದ ಆಪು, ಅಂದರೆ ಬೆಣೆ, ಬಡಿದು, ಹಳಿಗೇ ವೆಲ್ಡ್ ಮಾಡಿದ್ದಾರೆ. ನಾನು ಇದ್ದಾಗ ನಕ್ಷೆಯಲ್ಲಿ ಅದು ಇರಲಿಲ್ಲ. ನಮ್ಮೂರಿನ ಲಾರಿ ಕ್ಲೀನರನ್ನು ಕೇಳಿ, ಗಾಲಿಗೆ ಕಲ್ಲು ಕೊಡುವುದು ಯಾವಾಗ ಎಂದು. ಉರುಳೀತು ಎನ್ನುವ ಭಯವಿದ್ದಾಗ ಮಾತ್ರ. ತಿರುಗಲು ಸಾಧ್ಯವೇ ಇಲ್ಲ ಎಂದು ನನ್ನ ಮುಖಕ್ಕೆ ಹೇಳಿದವರು, ತುದಿಗೆ ವೆಲ್ಡಿಂಗ್ ಹಾಕಿಯೂ, ಯಾವ ಭಯಕ್ಕೆ ಆ ಗಾಲಿಗಳಿಗೆ ಕಲ್ಲು ಕೊಟ್ಟರು? ಇದನ್ನು ಯಾರೂ ನನಗೆ ಹೇಳಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ, ಯಂತ್ರವೋ ಗಾಡಿಯೋ ಬಾಗಿಲೋ ತನ್ನಷ್ಟಕ್ಕೆ ಚಲಿಸಿದ್ದನ್ನು ಕಂಡು, ಹೇಳಿದಾಗ ಯಾರೂ ನಂಬದೆ ಹೋಗಿದ್ದರೆ, ದಯವಿಟ್ಟು ಕೆಳಗೆ ಬರೆಯಿರಿ. ಕಾರಣ ಗೊತ್ತಿದ್ದರೆ ಕಾರಣ ಬರೆಯಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ, ಹೆಸರು ಹಾಕಿ ಬರೆಯಿರಿ. ಅದನ್ನೂ ನಾನು ನಿಧಾನಕ್ಕೆ, ಎರಡು ಸಲ ಓದುತ್ತೇನೆ.